ಪಾಲಯ್ಯನ ತಲೆಯೊಳಗಿನ ಮಂದಿ

ಕಚೇರಿಯವರು ಯಂತ್ರದ ಪಟ್ಟಿಯನ್ನು ಪಾಲಯ್ಯನ ಹಣೆಗೆ ಬಿಗಿದು ಗುಂಡಿ ಒತ್ತಿದರು. ಎದುರಿನ ಪರದೆಯ ಮೇಲೆ ಒಂದು ಕಾಡುಹಂದಿ ಪೊದೆಯಿಂದ ಹೊರಬಂದು ಮೂಗು ಎತ್ತಿ ನಿಂತಿತು. ಪಾಲಯ್ಯ ಬಂದೂಕನ್ನು ಹೆಗಲಿಗೇರಿಸಿದ. ಅದೇ ಕ್ಷಣ ಪಟ್ಟಿಯ ಮುಂಭಾಗದ ಪುಟ್ಟ ಗಾಜಿನಲ್ಲಿ ಹದಿನೇಳು ಎಂಬ ಅಂಕಿ ಮೂಡಿತು, ಕೈಯಲ್ಲಿದ್ದ ಬಂದೂಕು ಟಕ್ಕೆಂದು ಬೀಗ ಹಾಕಿಕೊಂಡಿತು. ಪರವಾನಗಿ ಕಚೇರಿಯ ಅಂಗಳದಲ್ಲಿ ಸಾಲುಗಟ್ಟಿದ್ದ ಜನ ಮೊದಲು ಅಂಕಿ ನೋಡಿದರು, ಆಮೇಲೆ ಪಾಲಯ್ಯನ ಮೀಸೆ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದೆ ಏನು ಮಾಡಿಯಾರು ಪಾಪ! ಬೂದಿಗುಡ್ಡದ ಪಾಲಯ್ಯನೆಂದರೆ ಸುತ್ತ ಹತ್ತೂರಿಗೂ ಗೊತ್ತಿರುವ ಒಂಟಿ ಬೇಟೆಗಾರ. ಗೊತ್ತಾಗದೆ ಇರಲು ಅವನು ಬಿಟ್ಟರೆ ತಾನೆ? ಬಸ್ ನಿಲ್ದಾಣದ ಹೋಟೆಲಿನ ಮುರುಕು ಬೆಂಚಿನ ಮೇಲೆ ಕೂತು, "ಹುಲಿ ಎಲ್ಲಾದ್ರೂ ಜೊತೆ ಕಟ್ಕಂಡು ಹೋಗ್ತೈತಾ? ಗುಂಪು ಕಟ್ಟೋದು ನರಿ ಜಾತಿ ಕಣ್ರಲಾ" ಎಂದು ಅವನು ಹೇಳದ ದಿನವಿರಲಿಲ್ಲ. ಅಂಥವನ ತಲೆಯೊಳಗೆ ಹದಿನೇಳು ಜನ ಕೂತಿದ್ದಾರೆಂದು ಯಂತ್ರ ಊರೆದುರು ಸಾರಿಬಿಟ್ಟಿತ್ತು.

"ಭಾವ, ಹದಿನೇಳು ಜನ ಅಂದ್ರೆ ಒಂದು ಟೆಂಪೋ ತುಂಬ ಆಯ್ತಲ್ಲ! ಡೀಸೆಲ್ ಯಾರು ಹಾಕಿಸ್ತಾರೆ?" ಎಂದ ಓಬಣ್ಣ. ಓಬಣ್ಣ ಪಾಲಯ್ಯನ ಹೆಂಡತಿ ಬೋರಮ್ಮನ ತಮ್ಮ. ಐದು ಜನರ ಬೇಟೆ ತಂಡಕ್ಕೆ ಯಜಮಾನ. ಪಾಲಯ್ಯನ ಬಾಯಲ್ಲಿ ದಿನವೂ ನರಿಯಾಗುತ್ತಿದ್ದವನು ಅವನೇ.

ಈ ಯಂತ್ರ ಎಲ್ಲಿಂದ ಬಂತು ಎಂಬುದನ್ನು ಹೇಳಬೇಕು. ಕಾಡುಹಂದಿಗಳು ಕಾಡಿಗಿಂತ ಶೇಂಗಾ ಹೊಲದಲ್ಲೇ ಹೆಚ್ಚಾಗಿ ವಾಸಿಸತೊಡಗಿದ ಕಾಲ ಅದು. ಸರ್ಕಾರ ಬೇರೆ ದಾರಿ ಕಾಣದೆ ಹಂದಿ ಹೊಡೆಯಲು ಅನುಮತಿ ಕೊಟ್ಟಿತು. ಕೊಟ್ಟದ್ದೇ ತಡ, ಮೀಸೆ ಇದ್ದವನೆಲ್ಲ ಬೇಟೆಗಾರನಾದ, ಇಲ್ಲದವನು ಬಿಡಲು ಶುರುಮಾಡಿದ. ಮೊದಲ ವರ್ಷ ಸತ್ತ ಹಂದಿಗಳಿಗಿಂತ ಗುಂಡು ತಗುಲಿದ ದನಗಳೂ ಮನುಷ್ಯರೂ ಹೆಚ್ಚು. ಗುಂಪಿನಲ್ಲಿ ಹೋದವರು ತಮ್ಮವನ ತೊಡೆಗೇ ಹೊಡೆದು, ಯಾರು ಹೊಡೆದದ್ದೆಂದು ಪೊಲೀಸರು ಕೇಳಿದರೆ ಎಲ್ಲರೂ ಒಂದೇ ರಾಗದಲ್ಲಿ "ನಾನಲ್ಲ ಸ್ವಾಮಿ, ಸದ್ದು ಆ ಕಡೆಯಿಂದ ಬಂತು" ಎನ್ನುತ್ತಿದ್ದರು. ಒಂಟಿಯಾಗಿ ಹೋದವರು ಪೊದೆ ಅಲ್ಲಾಡಿದರೆ ಸಾಕು ಗುಂಡು ಹಾರಿಸಿ, ಬಿದ್ದದ್ದು ಎಮ್ಮೆಯಾದರೆ ಹೋಟೆಲಿಗೆ ಬರುವಷ್ಟರಲ್ಲಿ ಅದಕ್ಕೆ ಕೋರೆಹಲ್ಲು ಅಂಟಿಸುತ್ತಿದ್ದರು.

ಮನೋವಿಜ್ಞಾನಿ ಡಾ. ವಾರಿಜಾ ಈ ಎರಡು ಬಗೆಯ ಮೂರ್ಖತನವನ್ನೂ ಅಳೆಯಲು ಹೊರಟರು. ಮನುಷ್ಯ ಒಬ್ಬನೇ ಕೂತಿದ್ದರೂ ಅವನ ಮಿದುಳು ಒಂಟಿಯಾಗಿರಬೇಕೆಂದಿಲ್ಲ. ತಾಯಿಯ ನೆನಪು ಬಂದರೆ ತಾಯಿಗೆಂದೇ ಮೀಸಲಾದ ನರಕೋಶಗಳ ಒಂದು ಗೊಂಚಲು ಮಿಡಿಯುತ್ತದೆ. ಹಗೆಯ ನೆನಪಾದರೆ ಇನ್ನೊಂದು. ಈ ಮಿಡಿತಕ್ಕೆ ಅವರು ಸಂಗಸ್ಪಂದನ ಎಂದು ಹೆಸರಿಟ್ಟರು. ಒಂದು ಕ್ಷಣದಲ್ಲಿ ಅಂಥ ಎಷ್ಟು ಗೊಂಚಲುಗಳು ಮಿಡಿಯುತ್ತಿವೆ ಎಂದು ಎಣಿಸುವ ಪಟ್ಟಿಗೆ ಸಂಗಮಾಪಕ ಎಂದರು. ಅದು ಎಣಿಸುತ್ತದೆಯೇ ಹೊರತು ಗುರುತಿಸುವುದಿಲ್ಲ. ತಲೆಯೊಳಗೆ ಎಷ್ಟು ಜನರಿದ್ದಾರೆಂದು ಹೇಳುತ್ತದೆ, ಯಾರೆಂದು ಹೇಳುವುದಿಲ್ಲ. ಅದಕ್ಕೆ ಬಂದೂಕಿನ ಬೀಗವನ್ನು ಜೋಡಿಸಿ, ಪಟ್ಟಿಯ ಅಂಕಿ ಬಂದೂಕಿನ ಹಿಡಿಯ ಮೇಲೂ ಕಾಣುವಂತೆ ಮಾಡಿದರು. ಗುಂಪಿನ ಬಂದೂಕು ತೆರೆಯಬೇಕಾದರೆ ಹೊಡೆಯುವವನ ತಲೆಯಲ್ಲಿ ಜೊತೆಗಾರರೆಲ್ಲರೂ ಇರಬೇಕು. ಒಂಟಿ ಬಂದೂಕು ತೆರೆಯಬೇಕಾದರೆ ಯಾರೂ ಇರಬಾರದು. ಅವನ ಎದುರಿಗೆ ಹಂದಿಯೊಂದೇ ಇರಬೇಕು.

ನಗು ನಿಂತ ಮೇಲೆ ಪಾಲಯ್ಯ ಡಾ. ವಾರಿಜಾ ಅವರ ಮೇಜಿನ ಮುಂದೆ ಹೋಗಿ ನಿಂತ.

"ಮೇಡಂ, ನಿಮ್ಮ ಪಟ್ಟಿ ಕೆಟ್ಟೈತೆ."

"ಪಟ್ಟಿ ಸರಿಯಾಗೇ ಇದೆ. ಹಂದಿ ಕಂಡ ತಕ್ಷಣ ನಿಮ್ಮ ಮನಸ್ಸಿಗೆ ಏನು ಬಂತು? ನಿಜ ಹೇಳಿ."

ಪಾಲಯ್ಯ ಮೀಸೆ ತೀಡಿದ. ಸುಳ್ಳು ಹೇಳುವುದು ಅವನಿಗೆ ಕಷ್ಟವೇನಲ್ಲ, ಆದರೆ ಹಣೆಯ ಮೇಲೆ ಪಟ್ಟಿ ಇನ್ನೂ ಇತ್ತು. "ಇದನ್ನ ಹೆಂಗೆ ಹೇಳ್ಬೇಕು ಅಂತ ಬಂತು."

"ಯಾರಿಗೆ ಹೇಳಬೇಕು ಅಂತ?"

"ಹೋಟ್ಲಲ್ಲಿ ಕುಂತೋರಿಗೆ."

"ಹಾಗಾದರೆ ನೀವು ಒಂಟಿ ಬೇಟೆಗಾರರಲ್ಲ ಪಾಲಯ್ಯನವರೇ. ನಿಮ್ಮದು ಒಂಟಿ ನಾಟಕ. ಪ್ರೇಕ್ಷಕರು ತುಂಬಿರೋದರಿಂದ ಪರದೆ ಎತ್ತೋಕೆ ನಮ್ಮ ಬಂದೂಕು ಒಪ್ಪಲ್ಲ" ಎಂದು ಡಾಕ್ಟರಮ್ಮ ನಕ್ಕರು. ಬುದ್ಧಿವಂತರ ನಗು ಓಬಣ್ಣನ ನಗುವಿಗಿಂತ ಹೆಚ್ಚು ಉರಿಯುತ್ತದೆ ಎಂಬುದು ಪಾಲಯ್ಯನಿಗೆ ಆವತ್ತು ಗೊತ್ತಾಯಿತು.

ಅವನಿಗಿದ್ದ ಒಂದೇ ಸಮಾಧಾನವೆಂದರೆ ಓಬಣ್ಣನ ತಂಡದ ಪರೀಕ್ಷೆ. ಐವರೂ ಬೆಂಚಿನ ಮೇಲೆ ಕೂತು ಚಹಾ ಕುಡಿಯುವಾಗ ಒಬ್ಬೊಬ್ಬನ ಹಣೆಯ ಮೇಲೂ ನಾಲ್ಕು ಎಂಬ ಅಂಕಿ ಹೊಳೆಯುತ್ತಿತ್ತು. ಆಹಾ, ಎಂಥ ಅನ್ಯೋನ್ಯತೆ! ಪರದೆಯ ಮೇಲೆ ಹಂದಿ ಗುಟುರು ಹಾಕಿತು ನೋಡಿ, ಐದೂ ಹಣೆಗಳಲ್ಲಿ ಒಮ್ಮೆಗೇ ಸೊನ್ನೆ. ಐದೂ ಬಂದೂಕುಗಳಿಗೆ ಬೀಗ. ಪರದೆಯ ಹಂದಿ ಅವರ ಮುಂದೆಯೇ ಮದುವೆ ಮನೆಯ ಬೀಗರ ಹಾಗೆ ನಿಧಾನವಾಗಿ ನಡೆದುಹೋಯಿತು. ಗುಂಪಿನಲ್ಲಿದ್ದವರು ಒಬ್ಬೊಬ್ಬರೂ ಒಂಟಿ, ಒಂಟಿಯಾಗಿದ್ದವನೊಳಗೆ ಸಂತೆ ಎಂದು ಡಾಕ್ಟರಮ್ಮ ಸಂಭ್ರಮದಿಂದ ಬರೆದುಕೊಂಡರು. ಓಬಣ್ಣನ ತಂಡ ಆಮೇಲೆ ಒಂದು ಉಪಾಯ ಹೂಡಿತು. ಬೇಟೆಗೆ ಹೋದಾಗ ಐವರೂ ಒಬ್ಬರ ಹೆಸರನ್ನೊಬ್ಬರು ಗಂಟಲು ಹರಿಯುವ ಹಾಗೆ ಕೂಗುತ್ತಲೇ ಇರುವುದು. ಅಂಕಿಯೇನೋ ನಾಲ್ಕರಲ್ಲೇ ನಿಂತಿತು. ಆದರೆ ಆ ಗದ್ದಲಕ್ಕೆ ಹಂದಿಗಳು ಪಕ್ಕದ ತಾಲ್ಲೂಕಿಗೆ ಓಡಿದವು. ಬೆಟ್ಟ ಅಗೆದು ಇಲಿ ಹಿಡಿದರು ಎನ್ನೋಣವೆಂದರೆ ಇವರಿಗೆ ಇಲಿಯೂ ಸಿಗಲಿಲ್ಲ. ಆದರೂ ಬರಿಗೈಯಲ್ಲಿ ಹಾಡು ಹೇಳಿಕೊಂಡು ಮನೆಗೆ ಬರುತ್ತಿದ್ದರು, ನಾಚಿಕೆಗೆಟ್ಟವರು.

ಪಾಲಯ್ಯನಿಗೆ ಆ ಉಪಾಯವೂ ಇರಲಿಲ್ಲ. ದೀಪಾವಳಿಯೊಳಗೆ ಸೊನ್ನೆ ತೋರಿಸಬೇಕು, ಇಲ್ಲವಾದರೆ ಬಂದೂಕನ್ನು ಒಪ್ಪಿಸಿ ಯಾವುದಾದರೂ ತಂಡಕ್ಕೆ ಸೇರಬೇಕು ಎಂಬುದು ನಿಯಮ. ಬೂದಿಗುಡ್ಡದಲ್ಲಿದ್ದದ್ದು ಒಂದೇ ತಂಡ. "ಬಾ ಭಾವ, ನಮಗೂ ತಮಟೆ ಬಡಿಯೋಕೆ ಒಬ್ಬ ಬೇಕಾಗಿದ್ದ" ಎಂದು ಓಬಣ್ಣ ಎಲ್ಲರೆದುರೂ ಕರೆದ. ಹೆಂಡತಿಯ ತಮ್ಮನ ಹಿಂದೆ ತಮಟೆ ಬಡಿಯುತ್ತ ಹೋಗುವುದಕ್ಕಿಂತ ಹಂದಿಯ ಕೋರೆಗೆ ಹೊಟ್ಟೆ ಕೊಡುವುದು ಮೇಲು ಎಂದು ಪಾಲಯ್ಯನಿಗೆ ಅನ್ನಿಸಿತು. ಮರುದಿನವೇ ಡಾಕ್ಟರಮ್ಮನ ತರಬೇತಿಗೆ ಹೆಸರು ಕೊಟ್ಟ.

ಆ ತರಬೇತಿಗೆ ಮನಸ್ಸನ್ನು ತೆರವು ಮಾಡುವುದು ಎಂದು ಹೆಸರು. ತಲೆಯನ್ನು ಒಂದು ಮನೆಯೆಂದು ತಿಳಿಯಬೇಕು. ಒಳಗೆ ಕೂತವರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಬಾಗಿಲಾಚೆ ಕಳಿಸಿ, ಅಗುಳಿ ಹಾಕಬೇಕು. ಪಾಲಯ್ಯನಿಗೆ ಇದು ಬಲು ಹಿಡಿಸಿತು. ಹೋಟೆಲಿನವರನ್ನು ಅವನು ಕತ್ತು ಹಿಡಿದೇ ನೂಕಿದ. ತನ್ನ ಕಥೆ ಕೇಳಿ ಕೇಳಿ ಆಕಳಿಸುತ್ತಿದ್ದವರನ್ನು ಮೊದಲು, ಬಾಯಿ ಬಿಟ್ಟು ಕೇಳುತ್ತಿದ್ದವರನ್ನು ಆಮೇಲೆ. ಓಬಣ್ಣನನ್ನು ನೂಕುವಾಗ ಮನಸ್ಸಿನಲ್ಲೇ ಎರಡು ಒದ್ದ. ಅಂಕಿ ಹತ್ತಕ್ಕಿಂತ ಕೆಳಗಿಳಿಯಿತು.

ಅಲ್ಲಿಗೆ ಗಾಡಿ ನಿಂತಿತು. ಉಳಿದವರು ಯಾರೆಂದು ಕಣ್ಣು ಮುಚ್ಚಿ ನೋಡಿದರೆ ಪಾಲಿನವರು. ಪಾಲಯ್ಯನ ಕೇರಿಯಲ್ಲಿ ಯಾರು ಹಂದಿ ಹೊಡೆದರೂ ಒಬ್ಬನೇ ತಿನ್ನುವಂತಿಲ್ಲ, ಮನೆಮನೆಗೆ ಪಾಲು ಹಾಕಬೇಕು. ಕಣ್ಣು ಕಾಣದ ದೊಡ್ಡಮ್ಮನಿಗೆ ಮೆತ್ತನೆಯ ತುಂಡು, ಗಂಡ ಸತ್ತ ತಿಪ್ಪಕ್ಕನಿಗೆ ಎರಡು ಹಿಡಿ ಹೆಚ್ಚು, ಹೀಗೆ. ಬಂದೂಕು ಎತ್ತಿದ ಕೂಡಲೇ ಪಾಲಯ್ಯನ ಮನಸ್ಸು ಹಂದಿ ಬೀಳುವ ಮೊದಲೇ ಪಾಲು ಹಾಕತೊಡಗುತ್ತಿತ್ತು. ಇಷ್ಟು ವರ್ಷ ಅದು ಅವನಿಗೇ ಗೊತ್ತಿರಲಿಲ್ಲ. ಗೊತ್ತಾದಾಗ ಅವನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ತನ್ನ ಬಂದೂಕಿಗೆ ಬೀಗ ಹಾಕಿಸುತ್ತಿರುವ ಈ ಮುದುಕಿಯರ ಮೇಲೆ ಸಿಟ್ಟು ಬಂತು.

"ಇವ್ರು ಹೋಗ್ತಾ ಇಲ್ಲ ಮೇಡಂ. ನೂಕಿದ್ರೆ ಮತ್ತೆ ಬಂದು ಕೂರ್ತಾರೆ."

"ನೂಕಬೇಡಿ. ನೂಕೋದು ಅಂದರೂ ಅವರ ಕಡೆ ಗಮನ ಕೊಟ್ಟ ಹಾಗೆ. ಅವರು ಏನಾದರೂ ಕೇಳಿದರೆ ಉತ್ತರ ಕೊಡಬೇಡಿ, ಅಷ್ಟೇ. ಉತ್ತರ ಸಿಗದ ಕಡೆ ಯಾರೂ ಬಹಳ ದಿನ ಇರಲ್ಲ."

"ಮನೇಲೂ ಹಿಂಗೇ ಮಾಡ್ಬೇಕಾ?"

"ಅಭ್ಯಾಸ ಎಷ್ಟು ಮಾಡಿದರೆ ಅಷ್ಟು ಒಳ್ಳೇದು" ಎಂದರು ಡಾ. ವಾರಿಜಾ. ಎಷ್ಟು ಓದಿದವರೂ ಒಮ್ಮೊಮ್ಮೆ ಎಂಥ ಮಾತಾಡಿಬಿಡುತ್ತಾರೆ!

ಪಾಲಯ್ಯ ಅಭ್ಯಾಸಕ್ಕೆ ಕೂತ. ಬೋರಮ್ಮ ಮುದ್ದೆ ಇಕ್ಕಿ ಸಾರು ಸಾಕಾ ಎಂದು ಕೇಳಿದರೆ ಉತ್ತರವಿಲ್ಲ. ಮೇವು ತಂದಿದ್ದಾಯಿತಾ ಎಂದರೆ ಉತ್ತರವಿಲ್ಲ. ಬೋರಮ್ಮ ಸುಮ್ಮನಿರುವ ಹೆಂಗಸಲ್ಲ. "ಬಾಯಿಗೇನು ಬೆಣ್ಣೆ ಮೆತ್ಕಂಡಿದ್ದೀಯಾ? ಮಾತಾಡಿದ್ರೆ ಮುತ್ತು ಉದುರ್ತೈತಾ?" ಎಂದು ಮೊದಮೊದಲು ರೇಗಿದಳು. ಆಮೇಲೆ ಅತ್ತಳು. ಆಮೇಲೆ ತಾನೂ ಕೇಳುವುದನ್ನು ಬಿಟ್ಟಳು. ಅದೇ ಹೊತ್ತಿಗೆ ಮಗಳು ಮಾರಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. "ಅಪ್ಪಾ, ಮಗು ಒದೀತೈತೆ, ನಮ್ಮಪ್ಪನ ಹಂಗೇ ಹಟಮಾರಿ ಆಗ್ತೈತೇನೋ" ಎಂದಳು ನಗುತ್ತ. ಪಾಲಯ್ಯ ಗೋಡೆ ನೋಡಿದ. ಸಂಜೆ ಪಟ್ಟಿ ಕಟ್ಟಿಕೊಂಡು ನೋಡಿದರೆ ಅಂಕಿ ಎರಡಕ್ಕೆ ಇಳಿದಿತ್ತು. ದಡ್ಡ, ಮೂಲೆಯಲ್ಲಿ ಕೂತು ಒಬ್ಬನೇ ಹಲ್ಲು ಕಿರಿದ.

ಪರೀಕ್ಷೆಯ ಬೆಳಿಗ್ಗೆ ಡಾ. ವಾರಿಜಾ ಶೇಂಗಾ ಹೊಲದ ಬದುವಿನಾಚೆ ಜೀಪಿನಲ್ಲಿ ಕೂತು ತಮ್ಮ ಪರದೆಯಲ್ಲಿ ಅವನ ಅಂಕಿಯನ್ನೇ ನೋಡುತ್ತಿದ್ದರು. ಪಾಲಯ್ಯ ಕಳ್ಳಿ ಬೇಲಿಯ ಮರೆಯಲ್ಲಿದ್ದ. ಹಂದಿ ಬಂತು. ಒಂಟಿ ಗಂಡು, ಬೆನ್ನ ಮೇಲಿನ ಕೂದಲು ಸೆಟೆದು ನಿಂತದ್ದು, ನೆಲ ಉತ್ತ ಹಾಗೆ ಶೇಂಗಾ ಬುಡ ಕೀಳುತ್ತ ಬಂತು. ಅಂಕಿ ಎರಡಿತ್ತು. ಪಾಲಯ್ಯ ಉಸಿರು ಹಿಡಿದ. ಒಂದಾಯಿತು. ತಲೆಯೊಳಗೆ ಬೋರಮ್ಮ ಏನನ್ನೋ ಕೇಳುತ್ತಿದ್ದಳು. ಅವನು ಉತ್ತರ ಕೊಡಲಿಲ್ಲ. ಅವಳು ಸೆರಗು ಕೊಡವಿ ಎದ್ದು ಹೋದಳು. ಬಂದೂಕಿನ ಹಿಡಿಯ ಮೇಲೆ ಸೊನ್ನೆ ಹೊಳೆಯಿತು, ಬೀಗ ತೆರೆಯಿತು.

ಗುಂಡು ಹಂದಿಯ ಕಿವಿಯ ಹಿಂದೆ ಸರಿಯಾಗಿ ಹೊಕ್ಕಿತು. ಅದು ಕೂಗುವುದಕ್ಕೂ ಪುರಸೊತ್ತಿಲ್ಲದೆ ಬಿತ್ತು. ಅವನು ತನ್ನ ಜನ್ಮದಲ್ಲಿ ಅಷ್ಟು ಚೊಕ್ಕವಾದ ಗುಂಡು ಹೊಡೆದಿರಲಿಲ್ಲ.

ಡಾ. ವಾರಿಜಾ ಹೊಲದೊಳಗೆ ಓಡಿಕೊಂಡೇ ಬಂದರು. "ಅದ್ಭುತ ಪಾಲಯ್ಯನವರೇ! ರಾಜ್ಯದಲ್ಲೇ ಮೊದಲ ನಿಜವಾದ ಒಂಟಿ ಬೇಟೆಗಾರ ನೀವು. ಹೇಗನ್ನಿಸಿತು?"

"ಏನೂ ಅನ್ನಿಸ್ಲಿಲ್ಲ."

"ಭಯ? ಖುಷಿ?"

"ಏನೂ ಇಲ್ಲ ಮೇಡಂ. ಹಂದಿ ಇತ್ತು, ಹೊಡ್ದೆ."

"ಪರಿಶುದ್ಧ!" ಎಂದರು ಡಾಕ್ಟರಮ್ಮ. ಪರವಾನಗಿಯನ್ನು ಅಲ್ಲೇ ಕೊಟ್ಟು, ಪಟ್ಟಿಯನ್ನೂ ಅವನಿಗೇ ಬಿಟ್ಟು, ಯಾವ ತೊಂದರೆಯಾದರೂ ಫೋನ್ ಮಾಡಿ ಎಂದು ಹೇಳಿ ಜೀಪು ಹತ್ತಿದರು.

ಹಂದಿಯನ್ನು ಗಾಡಿಯಲ್ಲಿ ಕೇರಿಗೆ ತಂದಾಗ ಊರಿಗೆ ಊರೇ ಸೇರಿತು. ಓಬಣ್ಣನೂ ತಂಡವನ್ನು ಕಟ್ಟಿಕೊಂಡು ಬಂದ. ಸೋತ ಮುಖವೇನೂ ಇರಲಿಲ್ಲ, ಮಾಂಸದ ಮುಂದೆ ಯಾರ ಮಾನ ಎಷ್ಟು ಹೊತ್ತು ನಿಲ್ಲುತ್ತದೆ? ಎಲ್ಲರೂ ಕಥೆಗೆ ಕಾದರು. ಪಾಲಯ್ಯ ಕಥೆ ಹೇಳಲಿಲ್ಲ. ಪಟ್ಟಿಯನ್ನು ಹಣೆಯ ಮೇಲೆ ಕಿರೀಟದ ಹಾಗೆ ಹಾಕಿಕೊಂಡೇ ಮಚ್ಚು ಹಿಡಿದು ಕೂತು ಪಾಲು ಕಡಿದ. ಒಂದೇ ಅಳತೆಯ ತುಂಡುಗಳು. ಮುತ್ತುಗದೆಲೆಯ ಮೇಲೆ ಸಾಲಾಗಿ ಇಟ್ಟ. ಎಲ್ಲರೂ ತಮ್ಮ ತಮ್ಮ ಪಾಲು ತೆಗೆದುಕೊಳ್ಳಿ ಎಂದು ಎದ್ದ.

ಯಾರೂ ಮುಟ್ಟಲಿಲ್ಲ. ಆ ಕೇರಿಯಲ್ಲಿ ಬಸುರಿ ಇದ್ದರೆ ಅವಳ ಪಾಲನ್ನು ಮೊದಲು ತೆಗೆದಿಡಬೇಕು, ಅವಳಿಗೊಂದು, ಹೊಟ್ಟೆಯಲ್ಲಿರುವುದಕ್ಕೊಂದು. ಅದಾಗದೆ ಉಳಿದವರು ಎಲೆಗೆ ಕೈ ಹಾಕುವ ಹಾಗಿಲ್ಲ. ಕುಡುಕನೂ ಮರೆಯದ ಪದ್ಧತಿ ಅದು.

"ಬಸುರಿ ಪಾಲು ಎಲ್ಲಿ ಭಾವ?" ಎಂದ ಓಬಣ್ಣ.

"ಯಾರು ಬಸುರಿ?" ಎಂದ ಪಾಲಯ್ಯ.

ಮಾರಕ್ಕ ಅವನ ಹಿಂದೆಯೇ ಬಾಗಿಲಿಗೊರಗಿ ನಿಂತಿದ್ದಳು, ತುಂಬಿದ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು. ಓಬಣ್ಣನ ಬಾಯಿಗೆ ಕುಹಕದ ಮಾತು ಬಂದಿರಬೇಕು, ಅವನು ಅದನ್ನು ನುಂಗಿಕೊಂಡು, ಬಗ್ಗಿ ತನ್ನ ಪಾಲನ್ನೂ ತನ್ನ ತಂಡದವನೊಬ್ಬನ ಪಾಲನ್ನೂ ಎತ್ತಿ ಮಾರಕ್ಕನ ಕೈಯಲ್ಲಿಟ್ಟ. "ತಗಾ ಮಗಾ. ನಿಮ್ಮಪ್ಪ ದಣಿದವ್ನೆ" ಎಂದ.

ಮಧ್ಯಾಹ್ನ ಪಾಲಯ್ಯ ಊಟಕ್ಕೆ ಕೂತ. ಪಟ್ಟಿ ಹಣೆಯ ಮೇಲೇ ಇತ್ತು. ಅಲ್ಪನಿಗೆ ಐಶ್ವರ್ಯ ಬಂದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಎದುರಿಗೆ ಬೋರಮ್ಮ ಕೂತಿದ್ದಳು, ಪಕ್ಕದಲ್ಲಿ ಮಾರಕ್ಕ.

"ಅಪ್ಪಾ, ಸೊನ್ನೆ ತೋರಿಸ್ತೈತೆ" ಎಂದಳು ಮಾರಕ್ಕ.

"ಹೂಂ. ಸೊನ್ನೆನೇ ತೋರಿಸ್ಬೇಕು. ಅದಕ್ಕೇ ಪರವಾನಗಿ ಕೊಟ್ಟಿರೋದು" ಎಂದ ಅವನು ಹೆಮ್ಮೆಯಿಂದ.

"ಈಗ್ಲೂ ಸೊನ್ನೆ ತೋರಿಸ್ತೈತೆ ಅಪ್ಪಾ. ನಾವು ಇಲ್ಲೇ ಕುಂತಿದ್ದೀವಿ."

ಪಾಲಯ್ಯನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಪಟ್ಟಿ ಕೆಟ್ಟಿರಬೇಕೆಂದ. ಬೋರಮ್ಮ ಎದ್ದು, ಅವನ ಹಣೆಯಿಂದ ಪಟ್ಟಿ ಬಿಚ್ಚಿ ತನ್ನ ಹಣೆಗೆ ಕಟ್ಟಿಕೊಂಡಳು. "ಏನು ತೋರಿಸ್ತೈತೆ ಮಗಾ?" ಎಂದು ಕೇಳಿದಳು. ಮೂರು ಎಂದಳು ಮಾರಕ್ಕ. ಗಂಡ, ಮಗಳು, ಇನ್ನೂ ಹುಟ್ಟದ ಮೊಮ್ಮಗು. ಎಣಿಸಲು ಯಾವ ವಿಜ್ಞಾನಿಯೂ ಬೇಕಿರಲಿಲ್ಲ. ಪಟ್ಟಿ ಕೆಟ್ಟಿರಲಿಲ್ಲ. ಬೋರಮ್ಮ ಅದನ್ನು ಬಿಚ್ಚಿ ಮತ್ತೆ ಅವನ ಹಣೆಗೇ ಕಟ್ಟಿದಳು. ಮೂವರೂ ಕಾದರು. ಪಾಲಯ್ಯ ಅವಳ ಮುಖವನ್ನು ದುರುಗುಟ್ಟಿಕೊಂಡು ನೋಡಿದ; ಹೆಸರು ಕರೆದ; ಮದುವೆಯ ದಿನ ನೆನೆಸಿಕೊಂಡ, ದಿನ ನೆನಪಾಯಿತೇ ಹೊರತು ಅದರಲ್ಲಿ ಅವಳಿರಲಿಲ್ಲ. ಅಂಕಿ ಅಲುಗಲಿಲ್ಲ.

"ಇಷ್ಟು ದಿನ ಮುನಿಸ್ಕಂಡಿದ್ದೀಯ ಅನ್ಕಂಡಿದ್ದೆ" ಎಂದಳು ಬೋರಮ್ಮ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಭಯ ಹುಟ್ಟಿಸುವಂತಿತ್ತು. "ಮುನಿಸ್ಕಂಡೋನ ತಲೇಲಿ ಹೆಂಡ್ತಿ ಇರ್ತಾಳೆ. ಬೈಯೋಕಾದ್ರೂ ಇರ್ತಾಳೆ. ನೀನು ನನ್ನ ಮನೆಯಿಂದ ಹೊರಗೆ ಹಾಕಿದ್ರೂ ಸಹಿಸ್ತಿದ್ದೆ ಕಣಯ್ಯಾ. ಏಳು ಮಗಾ, ನಿಮ್ಮ ಓಬಣ್ಣಮಾವನ ಮನೇಲಿ ಹೆರಿಗೆ ಆಗ್ಲಿ. ಅಲ್ಲಿ ಕೂಗಾಟ ಇರ್ತೈತೆ, ಆದ್ರೆ ಹೆಸ್ರು ಹಿಡ್ದು ಕೂಗ್ತಾರೆ."

ಇಬ್ಬರೂ ಹೋದರು. ಅವನು ತಡೆಯಲಿಲ್ಲ. ತಡೆಯಬೇಕೆಂದು ತಿಳಿಯುತ್ತಿತ್ತು, ಅನ್ನಿಸುತ್ತಿರಲಿಲ್ಲ. ಹಾಗೆ ಅನ್ನಿಸದೆ ಇರುವುದನ್ನು ನೋಡಿ ಅವನು ಮೊದಲ ಸಲ ಹೆದರಿದ. ಬಂದೂಕನ್ನು ತೊಡೆಯ ಮೇಲಿಟ್ಟುಕೊಂಡು ಹಿಡಿಯ ಮೇಲಿನ ಅಂಕಿಯನ್ನೇ ನೋಡುತ್ತ ಡಾಕ್ಟರಮ್ಮನಿಗೆ ಫೋನ್ ಮಾಡಿದ.

"ಮೇಡಂ, ಹೊರಗೆ ಕಳಿಸೋದು ಹೇಳಿಕೊಟ್ರಿ. ಒಳಗೆ ಕರ್ಕಳ್ಳೋದು ಹೆಂಗೆ?"

"ಯಾರನ್ನ?"

"ನನ್ನ ಹೆಂಡ್ತೀನ. ಮಗಳನ್ನ. ಹೋಟ್ಲೋರು ಬಂದ್ರೂ ಸರಿ, ಯಾರಾದ್ರೂ ಸರಿ."

ಎಲ್ಲದಕ್ಕೂ ಹೆಸರಿಟ್ಟಿದ್ದ ಡಾ. ವಾರಿಜಾ ಅವರ ಬಳಿ ಇದಕ್ಕೆ ಹೆಸರಿರಲಿಲ್ಲ. "ಅದು... ಅವರಾಗೇ ವಾಪಸ್ ಬರ್ತಾರೆ ಅಂತ ನಾವು ಊಹಿಸಿದ್ವಿ. ಅದಕ್ಕೆ ತರಬೇತಿ ಅಂತ ಏನೂ ತಯಾರು ಮಾಡಿಲ್ಲ" ಎಂದರು.

ಅಷ್ಟರಲ್ಲಿ ಅಂಕಿ ಮಿನುಗಿತು. ಸೊನ್ನೆ ಹೋಗಿ ಒಂದಾಯಿತು.

"ಬಂದ್ಲು! ಮೇಡಂ, ಒಂದು ಬಂತು! ನಮ್ಮ ಬೋರಿ ಬಂದ್ಲು!" ಎಂದು ಪಾಲಯ್ಯ ಮನೆ ಹಾರಿಹೋಗುವ ಹಾಗೆ ಕೂಗಿದ. ಕಣ್ಣಲ್ಲಿ ನೀರು ಬಂತು.

ಡಾ. ವಾರಿಜಾ ಖುಷಿಪಡಲಿಲ್ಲ. ತಮ್ಮ ಯಂತ್ರ ಏನನ್ನು ಎಣಿಸುತ್ತದೆಂದು ಅವರಿಗೆ ಗೊತ್ತಿತ್ತು. "ಪಾಲಯ್ಯನವರೇ," ಎಂದರು ಮೆಲ್ಲಗೆ, "ಈಗ ನೀವು ಮಾತಾಡ್ತಾ ಇರೋದು ನನ್ನ ಜೊತೆ. ಒಂದು ನಿಮಿಷ ಫೋನ್ ಇಟ್ಟು ನೋಡಿ."

ಪಾಲಯ್ಯ ಅಂಕಿಯನ್ನು ನೋಡಿದ, ತೆರೆದ ಬಾಗಿಲನ್ನು ನೋಡಿದ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದುಕೊಂಡ.

"ಬ್ಯಾಡ ಮೇಡಂ, ಇಡಬ್ಯಾಡಿ" ಎಂದ. "ನಿಮ್ಮ ಕಾಲಿಗೆ ಬೀಳ್ತೀನಿ, ಏನಾದ್ರೂ ಮಾತಾಡ್ತಾ ಇರಿ."